ಉದ್ದೀಪನ ಮದ್ದೂ ಕಾಲ್ಚೆಂಡಾಟಗಾರರೂ

ಅಲಂಕಾರಶಾಸ್ತ್ರವನ್ನು ಓದಿದವರಿಗೆ ‘ಉದ್ದೀಪನ’ ಎಂಬುದು ಬಲು ಪರಿಚಿತವಾದ ಶಬ್ದ. ರಸಕ್ಕೆ ಕಾರಣವಾದ ವಿಭಾವಗಳು ಎರಡು ಬಗೆ: ಒಂದು ಆಲಂಬನ, ಮತ್ತೊಂದು ಉದ್ದೀಪನ. ನಾಯಕ ನಾಯಿಕೆಯರು ಆಲಂಬನ. ಬೆಳುದಿಂಗಳು, ತಂಗಾಳಿ, ಕೋಗಿಲೆಯ ದನಿ ಮುಂತಾದುವು ಉದ್ದೀಪನ. ಒಳಗೆ ಮೊದಲೇ ಇರುವ ಭಾವವನ್ನು ಹೊತ್ತಿಸಿ ಬೆಳಗಿಸುವುದಷ್ಟೇ ಅದರ ಕೆಲಸ. ಇಲ್ಲದುದನ್ನು ಅದು ಹುಟ್ಟಿಸಲಾರದು. ಈ ಶಬ್ದವನ್ನು ನಮ್ಮ ಪತ್ರಿಕೆಗಳವರು ಕಾವ್ಯದ ಉಪವನದಿಂದ ಎಬ್ಬಿಸಿಕೊಂಡು ಹೋಗಿ ಆಟದ ಪುಟದಲ್ಲಿ ‘ಉದ್ದೀಪನ ಮದ್ದು’ ಎಂದು ನಿಲ್ಲಿಸಿದ್ದಾರೆ. ಶಾಸ್ತ್ರದ ಶಬ್ದಗಳನ್ನು ಹೀಗೆ ಬೀದಿಗೆಳೆದರೆ ಪಂಡಿತರಿಗೆ ಸಿಟ್ಟು ಬರುವುದುಂಟು. ಈ ಒಂದು ಶಬ್ದದ ಮಟ್ಟಿಗೆ ಮಾತ್ರ ನಾನು ಪತ್ರಿಕೆಯವರ ಪಕ್ಷ. ಆಡಲು ಬಾರದವನಿಗೆ ಯಾವ ಮದ್ದೂ ಆಟವನ್ನು ಕಲಿಸದು. ಬಲ್ಲವನ ದಣಿವನ್ನು ಮರೆಯಿಸಿ, ಮಾಂಸವನ್ನು ಹುರಿಗೊಳಿಸಿ, ಉಸಿರನ್ನು ಹಿಗ್ಗಿಸಿ, ಇದ್ದ ಶಕ್ತಿಯನ್ನೇ ಅದು ಉರಿಸುತ್ತದೆ.

‘ಮದ್ದು’ ಎಂಬುದಂತೂ ಇನ್ನೂ ಸೊಗಸಾದ ಮಾತು. ರೋಗಕ್ಕೆ ಕೊಡುವುದೂ ಮದ್ದು, ತುಪಾಕಿಗೆ ತುಂಬುವುದೂ ಮದ್ದು. ಮೂರನೆಯ ಅರ್ಥವೊಂದು ಹಳ್ಳಿಯವರೆಲ್ಲರಿಗೂ ಗೊತ್ತು: ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಎನ್ನುವಾಗಿನ ಮದ್ದು, ಅನ್ನದಲ್ಲಿ ಬೆರೆಸಿ, ಉಣ್ಣುವವನಿಗೆ ತಿಳಿಯದಂತೆ ಒಳಗೆ ಸೇರಿಸಿದ ಕೇಡು. ಇಂಗ್ಲಿಷಿನ ‘ಡೋಪ್’ ಎಂಬ ಮಾತಿನ ಮೂಲವನ್ನು ಡಚ್ಚರ ‘ಡೂಪ್’ ಎಂಬ ಶಬ್ದದಲ್ಲಿ ಹೇಳುತ್ತಾರೆ. ಅದರ ಅರ್ಥ, ನಮ್ಮ ಗೊಜ್ಜಿನಂತೆ ಅದ್ದಿಕೊಂಡು ತಿನ್ನುವ ಒಂದು ಮಂದವಾದ ರಸ. ನಮ್ಮ ಶಬ್ದಕ್ಕೆ ಇರುವ ಇಮ್ಮೊನೆ ಅದಕ್ಕಿಲ್ಲ. ತಾನಾಗಿ ತಿಂದ ಮದ್ದೇ, ತಿಳಿಯದೆ ಒಳಗೆ ಹೋದ ಮದ್ದೇ ಎಂಬ ಪ್ರಶ್ನೆ ನಮ್ಮ ಮಾತಿನೊಳಗೇ ಅಡಗಿದೆ. ಕಾಲ್ಚೆಂಡಾಟವನ್ನು ವೃತ್ತಿಯಾಗಿ ಹಿಡಿದವರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗಲೆಲ್ಲ ಏಳುವ ವಿವಾದದ ಗಂಟೂ ಇದೇ.

ಇದನ್ನು ಈ ಸಂಚಿಕೆಯಲ್ಲಿ ಬರೆಯಲು ಕಾರಣವುಂಟು. ಪ್ರಸಾದನಿಲಯದ ಹುಡುಗರು ವಾಚನಾಲಯದಲ್ಲಿ ಮೊದಲು ತೆರೆಯುವುದು ಆಟದ ಪುಟವನ್ನು. ಹೆಸರಾಂತ ಆಟಗಾರನೊಬ್ಬನ ಪರೀಕ್ಷೆಯ ಸುದ್ದಿ ಬಂದ ದಿನ ‘ಅವನೂ ಕಳ್ಳನೇ’ ಎಂದು ತೀರ್ಪು ಹೇಳಿ ಪತ್ರಿಕೆಯನ್ನು ಮಡಿಸಿಡುತ್ತಾರೆ. ಉಪಾಧ್ಯಾಯರಾದ ನಾವೂ ಅದಕ್ಕೆ ತಲೆದೂಗುವುದುಂಟು. ಪರೀಕ್ಷೆಯಲ್ಲಿ ದೋಷ ಕಾಣುವುದು ಒಂದು, ಮೋಸ ಮಾಡುವುದು ಇನ್ನೊಂದು. ಇವೆರಡನ್ನೂ ಒಂದೇ ಎಣಿಕೆಯಲ್ಲಿ ಹಿಡಿಯುವುದು ತರವಲ್ಲ.

ಮೊದಲು ಪರೀಕ್ಷೆಯ ಕ್ರಮ ಹೇಗೆಂಬುದನ್ನು ತಿಳಿಯೋಣ. ಪಂದ್ಯ ಮುಗಿದೊಡನೆ ಚೀಟಿಯೆತ್ತಿಯೋ ಬೇರೆ ಕಾರಣದಿಂದಲೋ ಆರಿಸಿದ ಆಟಗಾರರನ್ನು ಅಧಿಕಾರಿಗಳು ಕರೆದೊಯ್ಯುತ್ತಾರೆ. ಅಲ್ಲಿಂದ ಮುಂದೆ ಅವನು ಅವರ ಕಣ್ಣಳತೆಯನ್ನು ದಾಟುವಂತಿಲ್ಲ. ಕಡಮೆಯೆಂದರೆ ೯೦ ಮಿಲಿಲೀಟರಿನಷ್ಟು ಮೂತ್ರವನ್ನು, ಅಧಿಕಾರಿ ನೋಡುತ್ತಿರುವಂತೆಯೇ ಕೊಡಬೇಕು. ಒಂದೂವರೆ ಗಂಟೆ ಓಡಿ ಮೈಯ ನೀರನ್ನೆಲ್ಲ ಬೆವರಾಗಿ ಸುರಿಸಿದವನಿಗೆ ಇದು ಸುಲಭವಲ್ಲ. ಜೊತೆಯವರು ಮನೆಗೆ ಹೋದ ಮೇಲೂ ನೀರು ಕುಡಿಯುತ್ತ ಗಂಟೆಗಟ್ಟಲೆ ಕುಳಿತಿರುವುದುಂಟು. ಅನಂತರ ಅದನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಸೀಸೆಗಳಿಗೆ ಹಂಚಿ, ಅವನ ಎದುರಿಗೇ ಮುದ್ರೆ ಹಾಕುತ್ತಾರೆ. ಸೀಸೆಯ ಮೇಲೆ ಅಂಕೆಯುಂಟು, ಹೆಸರಿಲ್ಲ. ಪ್ರಯೋಗಶಾಲೆಯವರಿಗೆ ಅದು ಯಾರದೆಂಬುದು ತಿಳಿಯದು. ‘ಎ’ ಸೀಸೆಯಲ್ಲಿ ನಿಷಿದ್ಧ ವಸ್ತು ಕಂಡರೆ ಆಟಗಾರನಿಗೆ ತಿಳಿಸುತ್ತಾರೆ. ಬೇಕೆಂದರೆ ಅವನು ‘ಬಿ’ ಸೀಸೆಯನ್ನು ಒಡೆಯಿಸಿ ನೋಡಬಹುದು. ಪಂದ್ಯವಿಲ್ಲದ ದಿನಗಳಲ್ಲಿ, ಅಭ್ಯಾಸದ ಅಂಗಳಕ್ಕೇ ಬಂದು ಕೇಳುವ ಪದ್ಧತಿಯೂ ಇದೆ. ಇಂಗ್ಲೆಂಡಿನ ರಿಯೊ ಫರ್ಡಿನಾಂಡ್ ೨೦೦೩ರ ಸೆಪ್ಟೆಂಬರಿನಲ್ಲಿ ಹಾಗೆ ಕೇಳಿದಾಗ ಮೂತ್ರ ಕೊಡದೆ ಹೊರಟುಹೋದನು. ಮರೆತೆನೆಂದು ಹೇಳಿ ಎರಡು ದಿನ ಬಿಟ್ಟು ಕೊಟ್ಟ ಮಾದರಿ ಶುದ್ಧವಾಗಿಯೇ ಇತ್ತು. ಆದರೂ ಎಂಟು ತಿಂಗಳ ನಿಷೇಧ, ೫೦ ಸಾವಿರ ಪೌಂಡು ದಂಡ ಅವನಿಗೆ ತಪ್ಪಲಿಲ್ಲ.

ಕಾಲ್ಚೆಂಡಿನ ವಿಶ್ವಕಪ್ಪಿನಲ್ಲಿ ಈ ಪರೀಕ್ಷೆ ಆರಂಭವಾದುದು ೧೯೬೬ರಲ್ಲಿ, ಇಂಗ್ಲೆಂಡಿನಲ್ಲಿ. ಮೊದಲು ಸಿಕ್ಕಿಬಿದ್ದವನು ೧೯೭೪ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಡೆದ ಕೂಟದಲ್ಲಿ ಹೈತಿ ದೇಶದ ಅರ್ನ್ಸ್ಟ್ ಜಾನ್ ಜೋಸೆಫ್. ಇಟಲಿಯ ಮೇಲಿನ ಪಂದ್ಯದ ಬಳಿಕ ಅವನ ಮೂತ್ರದಲ್ಲಿ ಫೆನ್‌ಮೆಟ್ರಜಿನ್ ಎಂಬ ಉತ್ತೇಜಕ ಕಂಡಿತು. ಉಬ್ಬಸಕ್ಕೆ ತೆಗೆದುಕೊಂಡ ಔಷಧವೆಂದು ಅವನು ಹೇಳಿದರೆ, ಅವನ ತಂಡದ ವೈದ್ಯನೇ ಅದನ್ನು ಅಲ್ಲಗಳೆದನು. ಆಗ ಹೈತಿಯನ್ನು ಆಳುತ್ತಿದ್ದವರು ಡುವಾಲಿಯೆ ಮನೆತನದವರು. ತಂಡದ ಜೊತೆ ಬಂದಿದ್ದ ಅಧಿಕಾರಿಗಳು ಅವನನ್ನು ಬಿಡಾರದಿಂದ ಎಳೆದು ಹೊಡೆದು ವಿಮಾನಕ್ಕೆ ಹತ್ತಿಸಿದರು. ಜೊತೆಯ ಆಟಗಾರರು ಅವನ ಪ್ರಾಣದ ಆಸೆಯನ್ನೇ ಬಿಟ್ಟಿದ್ದರು, ಪುಣ್ಯಕ್ಕೆ ಬದುಕುಳಿದನು. ಮಾತ್ರೆಯೊಂದರ ಫಲ ಎಲ್ಲಿಯವರೆಗೆ ಹೋಯಿತೆಂಬುದನ್ನು ನೋಡಿರಿ.

ನಾಲ್ಕು ವರ್ಷಗಳ ಬಳಿಕ ಅರ್ಜೆಂಟೀನದಲ್ಲಿ ಸ್ಕಾಟ್ಲೆಂಡಿನ ವಿಲ್ಲಿ ಜಾನ್‌ಸ್ಟನ್ ಸಿಕ್ಕಿದನು. ಪೆರುವಿನ ಮೇಲಿನ ಪಂದ್ಯದಲ್ಲಿ ಅವನ ತಂಡ ೩-೧ ಗೋಲುಗಳಿಂದ ಸೋತಿತ್ತು. ಮದ್ದು ತಿಂದು ಆಡಿಯೂ ಸೋತರಲ್ಲ ಎಂದು ನಗುವವರಿಗೆ ನಗಲು ಅವಕಾಶವಾಯಿತು. ಅವನು ತೆಗೆದುಕೊಂಡಿದ್ದುದು ರಿಯಾಕ್ಟಿವಾನ್ ಎಂಬ ಮಾತ್ರೆ. ಅದರೊಳಗೆ ಫೆನ್‌ಕ್ಯಾಂಫಮಿನ್ ಇತ್ತು. ಫಿಫಾ ಸಂಸ್ಥೆ ವಿಧಿಸಿದುದು ಒಂದು ವರ್ಷದ ನಿಷೇಧ. ಸ್ವಂತ ನಾಡಿನವರು ಅಷ್ಟಕ್ಕೆ ತೃಪ್ತರಾಗದೆ ಇನ್ನೆಂದಿಗೂ ಅವನು ಸ್ಕಾಟ್ಲೆಂಡಿನ ಪರವಾಗಿ ಆಡಕೂಡದೆಂದರು. ಶಿಕ್ಷೆಯ ವಿಷಯದಲ್ಲಿ ಪರರಿಗಿಂತ ಸ್ವಜನರೇ ಕಠಿಣರಾಗುವುದು ಈ ಎರಡು ಪ್ರಸಂಗಗಳಲ್ಲಿಯೂ ಕಾಣುತ್ತದೆ.

ಮಾರಡೋನನ ಹೆಸರನ್ನು ಕೇಳದವರಿಲ್ಲ. ೧೯೯೧ರ ಮಾರ್ಚಿಯಲ್ಲಿ ಇಟಲಿಯ ನೇಪಲ್ಸ್ ನಗರದ ತಂಡಕ್ಕೆ ಆಡುತ್ತಿದ್ದಾಗ ಅವನ ಮೂತ್ರದಲ್ಲಿ ಕೊಕೇನು ಕಂಡು ೧೫ ತಿಂಗಳ ನಿಷೇಧವಾಯಿತು. ಅದು ಆಟವನ್ನು ಮೇಲೇರಿಸುವ ಮದ್ದಲ್ಲ, ಆಟಗಾರನನ್ನೇ ನುಂಗುವ ವ್ಯಸನ. ಇದಕ್ಕಿಂತ ವಿಚಾರಯೋಗ್ಯವಾದುದು ೧೯೯೪ರ ಅಮೆರಿಕದ ವಿಶ್ವಕಪ್ಪು. ಜೂನ್ ೨೫ರಂದು ನೈಜೀರಿಯದ ಮೇಲೆ ಗೆದ್ದ ಪಂದ್ಯ ಮುಗಿಯುತ್ತಲೇ ಬಿಳಿಯ ಉಡುಪಿನ ಮಹಿಳೆಯೊಬ್ಬಳು ಬಂದು ಕೈಹಿಡಿದು ಅವನನ್ನು ಪರೀಕ್ಷೆಗೆ ಕರೆದೊಯ್ದಳು. ಅವನು ನಗುತ್ತಲೇ ಹೋದನು. ಆ ಚಿತ್ರ ಲೋಕಪ್ರಸಿದ್ಧವಾಗಿದೆ. ಸಿಕ್ಕಿದುದು ಎಫೆಡ್ರಿನ್ ಮತ್ತು ಅದರ ಕುಲಕ್ಕೆ ಸೇರಿದ ವಸ್ತುಗಳು, ಒಟ್ಟು ಐದು. ತೂಕವಿಳಿಸಲು ತನ್ನ ತರಬೇತುದಾರನು ಕೊಟ್ಟ ಅಂಗಡಿಯ ಪುಡಿಯಲ್ಲಿ ಅದು ಇದ್ದಿತೆಂದೂ ತನಗೆ ತಿಳಿಯದೆಂದೂ ಅವನು ವಾದಿಸಿದನು. ಮತ್ತೆ ೧೫ ತಿಂಗಳ ನಿಷೇಧ, ೨೦ ಸಾವಿರ ಸ್ವಿಸ್ ಫ್ರಾಂಕು ದಂಡ. ಅರ್ಜೆಂಟೀನದ ಪರವಾಗಿ ಅವನು ಮತ್ತೆ ಆಡಲಿಲ್ಲ. ತನ್ನ ಕಾಲುಗಳನ್ನೇ ಕಡಿದುಹಾಕಿದರೆಂದು ಅವನು ಆಗ ಹಲುಬಿದನು.

ಇಲ್ಲಿ ಒಂದು ಮಾತು, ಪ್ರಾಸಂಗಿಕವಾಗಿ. ಎಫೆಡ್ರಿನ್ ದೊರೆಯುವುದು ಎಫೆಡ್ರ ಎಂಬ ಗಿಡದಿಂದ. ವೇದದ ಸೋಮಲತೆ ಇದೇ ಇರಬೇಕೆಂದು ಕೆಲವು ವಿದ್ವಾಂಸರ ಊಹೆ. ಪಾರಸಿಗಳು ತಮ್ಮ ಹಓಮ ವಿಧಿಯಲ್ಲಿ ಬಳಸುವುದೂ ಈ ಗಿಡವನ್ನೇ. ಅದರ ಸತ್ತ್ವವನ್ನು ೧೮೮೫ರಲ್ಲಿ ಬೇರ್ಪಡಿಸಿದವನು ಜಪಾನಿನ ನಾಗಾಯಿ. ದೇವತೆಗಳು ಕುಡಿದು ಹುರುಪುಗೊಂಡರೆಂಬ ರಸವು ಇದೇ ಆಗಿದ್ದ ಪಕ್ಷದಲ್ಲಿ ಇಂದ್ರನನ್ನೂ ಅಂಗಳದಿಂದ ಕರೆದುಕೊಂಡು ಹೋಗಬೇಕಾಗುತ್ತಿತ್ತು. ಇರಲಿ.

ಈಗ ನಿಯಮದ ತಿರುಳಿಗೆ ಬರೋಣ. ೧೯೯೯ರಲ್ಲಿ ‘ವಾಡಾ’ ಎಂಬ ಜಾಗತಿಕ ನಿಗ್ರಹ ಸಂಸ್ಥೆ ಹುಟ್ಟಿತು. ಅದರ ಸಂಹಿತೆ ೨೦೦೪ರಲ್ಲಿ ಜಾರಿಗೆ ಬಂದಿತು. ಫಿಫಾ ಕೂಡ ಅದನ್ನು ಒಪ್ಪಿಕೊಂಡಿತು. ಅದರ ಮೂಲಸೂತ್ರ ಒಂದೇ: ಆಟಗಾರನ ಶರೀರದೊಳಗೆ ಹೋದ ಪ್ರತಿಯೊಂದಕ್ಕೂ ಆಟಗಾರನೇ ಹೊಣೆ. ಹೇಗೆ ಹೋಯಿತು, ಯಾರು ಕೊಟ್ಟರು, ಅವನಿಗೆ ಗೊತ್ತಿತ್ತೇ ಎಂಬ ಪ್ರಶ್ನೆಗಳು ದೋಷ ಉಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದಿಲ್ಲ. ವಸ್ತು ಇದ್ದಿತೇ, ದೋಷ ಉಂಟು. ಉದ್ದೇಶದ ವಿಚಾರ ಬರುವುದು ಶಿಕ್ಷೆಯ ಪ್ರಮಾಣವನ್ನು ಗೊತ್ತುಮಾಡುವಾಗ ಮಾತ್ರ. ಅಲ್ಲಿಯೂ ಮಾಂಸಖಂಡ ಬೆಳೆಸುವ ಸ್ಟೆರಾಯ್ಡುಗಳಂಥವಾದರೆ ಬೇಕೆಂದು ತಿನ್ನಲಿಲ್ಲವೆಂದು ತೋರಿಸುವ ಭಾರ ಆಟಗಾರನ ಮೇಲೆಯೇ ಬೀಳುತ್ತದೆ. ತೋರಿಸದಿದ್ದರೆ ೨೦೧೫ರಿಂದೀಚೆಗೆ ನಾಲ್ಕು ವರ್ಷ ನಿಷೇಧ. ನಿಷೇಧವೆಂದರೆ ಪಂದ್ಯಕ್ಕೆ ಮಾತ್ರವಲ್ಲ. ಅವಧಿಯ ಕಡೆಯ ಭಾಗದವರೆಗೆ ತಂಡದವರೊಡನೆ ಅಭ್ಯಾಸ ಮಾಡುವಂತೆಯೂ ಇಲ್ಲ. ಪಂಕ್ತಿಯಿಂದ ಎಬ್ಬಿಸಿದಂತೆಯೇ ಸರಿ. ಕಾಲ್ಚೆಂಡಾಟಗಾರನ ವೃತ್ತಿಯ ಆಯುಸ್ಸು ಹದಿನೈದು ವರ್ಷವಾದರೆ ಹೆಚ್ಚು. ಅದರಲ್ಲಿ ನಾಲ್ಕು ವರ್ಷ ಹೋದರೆ ಉಳಿಯುವುದೇನು?

ನಮ್ಮ ಸ್ಮೃತಿಕಾರರು ಪ್ರಾಯಶ್ಚಿತ್ತವನ್ನು ಹೇಳುವಲ್ಲಿ ಬುದ್ಧಿಪೂರ್ವಕವಾಗಿ ಮಾಡಿದ ದೋಷ, ತಿಳಿಯದೆ ಮಾಡಿದ ದೋಷ ಎಂದು ಭೇದ ಮಾಡಿದ್ದಾರೆ. ತಿಳಿಯದೆ ಮಾಡಿದುದಕ್ಕೂ ಪ್ರಾಯಶ್ಚಿತ್ತ ಉಂಟು, ಆದರೆ ಲಘು. ವಾಡಾದ ಸಂಹಿತೆಯೂ ಬಹುಮಟ್ಟಿಗೆ ಅದೇ ಜಾಡಿನಲ್ಲಿದೆ. ಇಷ್ಟು ಬಿಗಿಯೇಕೆಂದು ಕೇಳಿದರೆ ಉತ್ತರ ಸರಳ. ‘ನಾನರಿಯೆ’ ಎಂಬ ಮಾತಿಗೆ ಬಿಡುಗಡೆ ಇದ್ದಿದ್ದರೆ ಅದನ್ನು ಹೇಳದವರು ಯಾರು? ಮನಸ್ಸಿನೊಳಗಿನ ಉದ್ದೇಶವನ್ನು ತೋರಿಸುವ ಯಂತ್ರ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಆದಕಾರಣ ನಿಯಮ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ನಿಯಮದ ಚಕ್ರದಡಿಗೆ ಸಿಕ್ಕವರೆಲ್ಲರನ್ನೂ ಕಳ್ಳರೆಂದು ಕರೆಯುವುದು ನಿಯಮವೇ ಹೇಳದ ಮಾತು.

ಇದಕ್ಕೆ ಪೆರು ದೇಶದ ಪಾವ್ಲೊ ಗೆರೆರೊವಿನ ವೃತ್ತಾಂತಕ್ಕಿಂತ ತಕ್ಕ ನಿದರ್ಶನವಿಲ್ಲ. ಆ ದೇಶ ೧೯೮೨ರಿಂದ ೩೬ ವರ್ಷ ವಿಶ್ವಕಪ್ಪಿನ ಮುಖ ಕಂಡಿರಲಿಲ್ಲ. ೨೦೧೮ರ ರಷ್ಯದ ಕೂಟಕ್ಕೆ ತಂಡವನ್ನು ಮುನ್ನಡೆಸಿದ ನಾಯಕ ಇವನು. ೨೦೧೭ರ ಅಕ್ಟೋಬರ್ ೫ರಂದು ಅರ್ಜೆಂಟೀನದೊಡನೆ ಆಡಿದ ಪಂದ್ಯದ ಬಳಿಕ ಅವನ ಮೂತ್ರದಲ್ಲಿ ಬೆಂಜಾಯ್ಲ್‌ಎಕ್ಗೊನಿನ್ ಎಂಬ ವಸ್ತು ಸಿಕ್ಕಿತು. ಕೊಕೇನು ಶರೀರದಲ್ಲಿ ಜೀರ್ಣವಾದಾಗ ಉಳಿಯುವ ಶೇಷ ಅದು. ಆದರೆ ಕೋಕ ಎಲೆಯ ಕಷಾಯ ಕುಡಿದರೂ ಅದೇ ಶೇಷ ಕಾಣುತ್ತದೆ. ಆಂಡೀಸ್ ಬೆಟ್ಟದ ಸೀಮೆಯಲ್ಲಿ ಬಂದವರಿಗೆ ಆ ಕಷಾಯ ಕೊಡುವುದು, ನಾವು ಅತಿಥಿಗಳಿಗೆ ಎಲೆಯಡಿಕೆಯ ತಟ್ಟೆ ಮುಂದಿಟ್ಟಂತೆ. ಶತಮಾನಗಳಿಂದ ಬಂದ ಉಪಚಾರ. ತಾನು ಕುಡಿದ ಚಹದ ಜೊತೆಯಲ್ಲಿ ಅದು ಹೇಗೋ ಒಳಗೆ ಬಂದಿತೆಂಬುದು ಗೆರೆರೊವಿನ ವಾದ. ಸುಮಾರು ೫೦೦ ವರ್ಷಗಳ ಹಿಂದೆ ಹಿಮದಲ್ಲಿ ಹುದುಗಿದ ಇಂಕಾ ಮಕ್ಕಳ ಶವಗಳ ಕೂದಲಿನಲ್ಲಿಯೂ ಇದೇ ಶೇಷ ದೊರೆತಿರುವುದನ್ನು ಅವನ ಪಕ್ಷದವರು ಸಾಕ್ಷ್ಯವಾಗಿ ಮುಂದಿಟ್ಟರು.

ಫಿಫಾದ ಶಿಸ್ತಿನ ಸಮಿತಿ ಒಂದು ವರ್ಷ ನಿಷೇಧಿಸಿತು. ಮೇಲ್ಮನವಿಯಲ್ಲಿ ಅದು ಆರು ತಿಂಗಳಿಗೆ ಇಳಿಯಿತು. ಆ ಅವಧಿ ಮುಗಿದು ಅವನು ಅಂಗಳಕ್ಕೂ ಮರಳಿದನು. ಅಷ್ಟರಲ್ಲಿ ೨೦೧೮ರ ಮೇ ತಿಂಗಳಲ್ಲಿ, ವಿಶ್ವಕಪ್ಪಿಗೆ ಒಂದು ತಿಂಗಳಿದೆಯೆನ್ನುವಾಗ, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಕ್ರೀಡಾ ನ್ಯಾಯಮಂಡಳಿ ಶಿಕ್ಷೆಯನ್ನು ೧೪ ತಿಂಗಳಿಗೆ ಏರಿಸಿತು. ಆಟದಲ್ಲಿ ಮೇಲುಗೈ ಪಡೆಯಲು ಅವನು ಇದನ್ನು ಸೇವಿಸಲಿಲ್ಲವೆಂಬುದನ್ನು ಆ ಮಂಡಳಿಯೂ ಒಪ್ಪಿತು. ಆದರೆ ಎಚ್ಚರ ಸಾಲದಾಯಿತೆಂದಿತು. ಅನಂತರ ನಡೆದುದು ಬಲು ಅಪೂರ್ವವಾದ ಸಂಗತಿ. ಪೆರುವಿನ ಗುಂಪಿನಲ್ಲಿದ್ದ ಮೂರು ಎದುರಾಳಿ ತಂಡಗಳ ನಾಯಕರು, ಅಂದರೆ ಫ್ರಾನ್ಸಿನ ಲೊರಿಸ್, ಡೆನ್ಮಾರ್ಕಿನ ಕೇರ್, ಆಸ್ಟ್ರೇಲಿಯದ ಜೆಡಿನಾಕ್, ಗೆರೆರೊವನ್ನು ಆಡಗೊಡಬೇಕೆಂದು ಫಿಫಾಕ್ಕೆ ಕೂಡಿ ಪತ್ರ ಬರೆದರು. ಅವನ ಎದುರಿಗೆ ಆಡಬೇಕಾದವರೇ ಅವನನ್ನು ಮೋಸಗಾರನೆಂದು ಎಣಿಸಲಿಲ್ಲ. ಕಡೆಗೆ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಗೆ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಗೆರೆರೊ ರಷ್ಯಕ್ಕೆ ಹೋದನು. ಆಸ್ಟ್ರೇಲಿಯದ ಮೇಲೆ ಪೆರು ೨-೦ ಎಂದು ಗೆದ್ದಾಗ ಒಂದು ಗೋಲು ಅವನದು. ಆಗಸ್ಟಿನಲ್ಲಿ ತಡೆಯಾಜ್ಞೆ ತೆರವಾಗಿ, ಉಳಿದ ಶಿಕ್ಷೆಯನ್ನು ಅವನು ಅನುಭವಿಸಬೇಕಾಯಿತು. ಒಂದೇ ಸಾಕ್ಷ್ಯದ ಮೇಲೆ ಹನ್ನೆರಡು, ಆರು, ಹದಿನಾಲ್ಕು ಎಂದು ತಿಂಗಳುಗಳು ಏರಿಳಿಯುವುದಾದರೆ ತಕ್ಕಡಿಯಲ್ಲಿ ಏನೋ ಸಡಿಲವಿದೆ ಎಂದೇ ನನ್ನ ಅಭಿಪ್ರಾಯ. ಒಮ್ಮೆ ಅನುಭವಿಸಿ ಮುಗಿಸಿದ ಶಿಕ್ಷೆಯನ್ನು ಮತ್ತೆ ಬೆಳೆಸುವುದಂತೂ ನೋಡಲು ಚೆನ್ನಲ್ಲ.

ಇನ್ನು ಫ್ರಾನ್ಸಿನ ಮಮಾಡು ಸಾಖೋವಿನ ಕಥೆ. ಲಿವರ್‌ಪೂಲ್ ತಂಡದಲ್ಲಿದ್ದ ಇವನ ಮಾದರಿಯಲ್ಲಿ ೨೦೧೬ರಲ್ಲಿ ಹಿಜೆನಮಿನ್ ಎಂಬ ವಸ್ತು ಕಂಡಿತು. ಕೊಬ್ಬು ಕರಗಿಸುವ ಮಾತ್ರೆಯಿಂದ ಬಂದುದು. ವತ್ಸನಾಭಿಯ ಕುಲದ ಗಿಡಗಳಲ್ಲಿ ಅದುಂಟು. ತಾವರೆಯ ಬೀಜದೊಳಗಿನ ಹಸುರು ಮೊಳಕೆಯಲ್ಲಿಯೂ ಉಂಟು ಎಂದರೆ ಕಾವ್ಯ ಓದುವವರಿಗೆ ಅಚ್ಚರಿಯಾದೀತು. ಅವನನ್ನು ಅಮಾನತಿನಲ್ಲಿಟ್ಟರು. ಯೂರೋಪಾ ಲೀಗಿನ ಅಂತಿಮ ಪಂದ್ಯ ತಪ್ಪಿತು. ತನ್ನ ನಾಡಿನಲ್ಲಿಯೇ ನಡೆದ ಯೂರೋಪಿನ ಚಾಂಪಿಯನ್‌ಷಿಪ್ಪೂ ತಪ್ಪಿತು. ಆಮೇಲೆ ನೋಡಿದರೆ, ಆ ವಸ್ತು ನಿಷಿದ್ಧಗಳ ಪಟ್ಟಿಯಲ್ಲಿ ಇದೆಯೆಂಬುದೇ ಸಿದ್ಧವಾಗಲಿಲ್ಲ! ಜುಲೈಯಲ್ಲಿ ನಿರ್ದೋಷಿಯೆಂದು ಬಿಟ್ಟರು. ೨೦೨೦ರಲ್ಲಿ ವಾಡಾ ಅವನ ಕ್ಷಮೆ ಕೇಳಿ ಪರಿಹಾರವನ್ನೂ ಕೊಡಲೊಪ್ಪಿತು. ಕಳೆದುಹೋದ ಪಂದ್ಯಗಳನ್ನು ಯಾರು ತಂದುಕೊಡುವರು?

ಬುದ್ಧಿಪೂರ್ವಕವಾಗಿ ಸೇವಿಸಿದವರೂ ಇಲ್ಲದಿಲ್ಲ, ಅವರ ಗತಿಯೂ ಸುಲಭವಲ್ಲ. ರುಮೇನಿಯದ ಆಡ್ರಿಯನ್ ಮುಟು ೨೦೦೪ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ಬಿನಲ್ಲಿದ್ದಾಗ ಕೊಕೇನು ಸೇವಿಸಿ ಸಿಕ್ಕಿದನು. ನಿಷೇಧ ಏಳೇ ತಿಂಗಳು. ಆದರೆ ಕ್ಲಬ್ಬಿನವರು ಅವನನ್ನು ಹೊರಹಾಕಿ, ಕೊಂಡ ಬೆಲೆ ನಷ್ಟವಾಯಿತೆಂದು ದಾವೆ ಹೂಡಿದರು. ೨೦೦೮ರಲ್ಲಿ ಅವನು ೧ ಕೋಟಿ ೭೧ ಲಕ್ಷ ಯೂರೋಗೂ ಮೇಲ್ಪಟ್ಟು ತೆರಬೇಕೆಂದು ಫಿಫಾದ ಮಂಡಳಿ ತೀರ್ಪಿತ್ತಿತು. ಲೊಸಾನಿನಲ್ಲಿ ಸೋತನು, ಸ್ವಿಸ್ ನ್ಯಾಯಾಲಯದಲ್ಲಿ ಸೋತನು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ೨೦೧೮ರಲ್ಲಿ ಸೋತನು. ಏಳು ತಿಂಗಳ ಶಿಕ್ಷೆಯ ಬೆನ್ನಿಗೆ ಹದಿನಾಲ್ಕು ವರ್ಷದ ವ್ಯಾಜ್ಯ. ಹೊಸ ಸಂಹಿತೆ ೨೦೨೧ರಿಂದ ಈ ವ್ಯಸನದ ವಸ್ತುಗಳನ್ನು ಬೇರೆ ಮಾಡಿದೆ: ಪಂದ್ಯದ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ಸೇವಿಸಿದುದೆಂದು ತೋರಿಸಿದರೆ ನಿಷೇಧ ಮೂರು ತಿಂಗಳು, ಚಿಕಿತ್ಸೆಗೆ ಒಳಗಾದರೆ ಒಂದಕ್ಕೆ ಇಳಿಯಬಹುದು. ಇದು ವಿವೇಕದ ಬದಲಾವಣೆ.

ಫ್ರಾನ್ಸಿನ ಪಾಲ್ ಪೋಗ್ಬಾ ವಿಶ್ವಕಪ್ ಗೆದ್ದ ತಂಡದವನು. ೨೦೨೩ರ ಆಗಸ್ಟಿನಲ್ಲಿ ಸಿಕ್ಕಿ, ೨೦೨೪ರಲ್ಲಿ ನಾಲ್ಕು ವರ್ಷ ನಿಷಿದ್ಧನಾದನು. ಬೇಕೆಂದು ಸೇವಿಸಿದುದಲ್ಲವೆಂದು ಒಪ್ಪಿ ಲೊಸಾನಿನವರು ಅದನ್ನು ೧೮ ತಿಂಗಳಿಗೆ ಇಳಿಸಿದರು. ಅಷ್ಟರಲ್ಲಿ ಅವನ ಯುವೆಂಟಸ್ ಕ್ಲಬ್ಬಿನ ಒಪ್ಪಂದ ಕೊನೆಗೊಂಡಿತು. ೨೦೨೫ರಲ್ಲಿ ಮೊನಾಕೊ ಸೇರಿಕೊಂಡನು.

ನಮ್ಮ ನಾಡಿನ ಸಂಗತಿಯೊಂದು ಕಾಲ್ಚೆಂಡಿನದಲ್ಲ, ಓಟದ್ದು. ನಿಯಮ ಒಂದೇ ಆದುದರಿಂದ ಇಲ್ಲಿ ಹೇಳಬಹುದು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು ೨೦೧೦ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿಯೂ ಚೀನದ ಏಷ್ಯನ್ ಕೂಟದಲ್ಲಿಯೂ ಚಿನ್ನ ಗೆದ್ದವರು. ಮರುವರ್ಷ ಅವರೂ ಜೊತೆಯ ಕೆಲವು ಓಟಗಾರ್ತಿಯರೂ ಸ್ಟೆರಾಯ್ಡಿನ ಪರೀಕ್ಷೆಯಲ್ಲಿ ಸಿಕ್ಕಿದರು. ವಿದೇಶಿ ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಬೇರಿನ ಗುಳಿಗೆಯಿಂದ ಬಂದುದು ಎಂಬುದು ಅವರ ಅಹವಾಲು. ಇಲ್ಲಿಯವರು ವಿಧಿಸಿದ ಒಂದು ವರ್ಷವನ್ನು ಲೊಸಾನಿನ ಮಂಡಳಿ ೨೦೧೨ರಲ್ಲಿ ಎರಡು ವರ್ಷ ಮಾಡಿತು. ಗುರುವೆಂದು ನಂಬಿ ಕೈಯೊಡ್ಡಿ ತೆಗೆದುಕೊಂಡವರಿಗೂ ನಿಯಮ ರಿಯಾಯಿತಿಯನ್ನು ಬಲು ಬಿಗಿಯಾಗಿಯೇ ಅಳೆಯುತ್ತದೆ.

ಉಪಾಧ್ಯಾಯರೂ ಪ್ರಸಾದನಿಲಯದ ಮೇಲ್ವಿಚಾರಕರೂ ಗಮನಿಸಬೇಕಾದುದು ಇದನ್ನೇ. ಮನೆಯವರ ಮದ್ದಿನಿಂದ ಕೆಟ್ಟವರ ಸಾಲು ದೊಡ್ಡದು. ಮ್ಯಾಂಚೆಸ್ಟರ್ ಸಿಟಿ ತಂಡದ ಕೋಲೊ ಟೂರೆ ಹೆಂಡತಿಯ ತೂಕವಿಳಿಸುವ ಮಾತ್ರೆ ನುಂಗಿ ೨೦೧೧ರಲ್ಲಿ ಆರು ತಿಂಗಳು ಹೊರಗುಳಿದನು. ಕ್ಯಾಮರೂನಿನ ಗೋಲ್‌ಕೀಪರ್ ಆಂದ್ರೆ ಒನಾನ ಹೆಂಡತಿಯ ಔಷಧವನ್ನು ತನ್ನದೆಂದು ಭ್ರಮಿಸಿ ನುಂಗಿ ೨೦೨೧ರಲ್ಲಿ ಒಂಬತ್ತು ತಿಂಗಳ ನಿಷೇಧಕ್ಕೆ ಗುರಿಯಾದನು. ೨೦೨೨ರಲ್ಲಿ ವಿಶ್ವಕಪ್ ಗೆದ್ದ ಅರ್ಜೆಂಟೀನ ತಂಡದ ಪಾಪು ಗೋಮೆಸ್ ತನ್ನ ಮಗುವಿನ ಕೆಮ್ಮಿನ ಔಷಧ ಕುಡಿದುದಾಗಿ ಹೇಳಿದನು. ಅದರೊಳಗಿನ ಟರ್ಬುಟಲಿನ್ ಎಂಬ ವಸ್ತುವಿಗಾಗಿ ಎರಡು ವರ್ಷ ನಿಷೇಧ. ಈ ಟರ್ಬುಟಲಿನ್ ನಮ್ಮ ಔಷಧದಂಗಡಿಗಳಲ್ಲಿ ದೊರೆಯುವ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿಯೂ ಇದೆ. ರೋಗಕ್ಕೆ ಅದು ಬೇಕೇ ಆದರೆ ಮುಂಚಿತವಾಗಿ ವೈದ್ಯರ ಪತ್ರದೊಡನೆ ಅನುಮತಿ ಪಡೆಯುವ ಮಾರ್ಗವುಂಟು. ಭಾರತದಲ್ಲಿ ೨೦೨೨ರಲ್ಲಿ ಇದಕ್ಕೆಂದೇ ಅಧಿನಿಯಮವಾಗಿದೆ. ಖೇಲೋ ಇಂಡಿಯಾದಂಥ ಎಳೆಯರ ಕೂಟಗಳಲ್ಲಿಯೂ ಮಾದರಿ ತೆಗೆಯುತ್ತಾರೆ. ಹದಿನಾರು ತುಂಬದವರಿಗೆ ಶಿಕ್ಷೆಯಲ್ಲಿ ಸಡಿಲವಿದೆ, ವಿನಾಯಿತಿಯಿಲ್ಲ.

ಮಾದರಿ ಕೊಡುವಾಗ ತುಂಬುವ ಪತ್ರದಲ್ಲಿ, ಕಳೆದ ಏಳು ದಿನಗಳಲ್ಲಿ ಏನೇನು ಔಷಧ ಸೇವಿಸಿದ್ದೀರಿ ಎಂಬ ಕಲಮು ಇದೆ. ನಿಲಯದ ಕಪಾಟಿನಿಂದ ರಾತ್ರಿ ಎರಡು ಚಮಚ ಕುಡಿದ ಹುಡುಗನಿಗೆ ‘ಕೆಮ್ಮಿನ ಔಷಧ’ ಎಂಬುದಕ್ಕಿಂತ ಹೆಚ್ಚಿಗೆ ಬರೆಯಲು ಬಾರದು. ಕೊಟ್ಟವರು ಸೀಸೆಯ ಮೇಲಿನ ಹೆಸರನ್ನೂ ತಾರೀಖನ್ನೂ ಪುಸ್ತಕದಲ್ಲಿ ಗುರುತಿಟ್ಟು, ಕೂಟಕ್ಕೆ ಹೊರಡುವ ಹುಡುಗನ ಕೈಗೆ ಅದರ ಒಂದು ಪ್ರತಿಯನ್ನು ಕೊಟ್ಟರೆ ಅವನು ಆ ಕಲಮನ್ನು ಸರಿಯಾಗಿ ತುಂಬಿಯಾನು. ಹೊರಡುವುದಕ್ಕೆ ಮುಂಚೆಯೇ ವೈದ್ಯರಿಗೆ ತೋರಿಸಿದರೆ ಸೀಸೆಯನ್ನು ಬದಲಾಯಿಸಲೂ ಸಮಯವಿರುತ್ತದೆ.